ಸರಿ-ತಪ್ಪಿನ ಬಗ್ಗೆ ವಾದ ಮಾಡುವುದು ಹೇಗೆ

ಚರ್ಚಾಸ್ಪರ್ಧೆಯಲ್ಲಿ ತೀರ್ಪುಗಾರಳಾಗಿ ಕೂತಾಗ ನನಗೆ ತುಂಬಾ ಬೇಸರ ತರಿಸುವ ಮಾತು ಒಂದಿದೆ: 'ಅದು ಅವರವರ ಅಭಿಪ್ರಾಯ.' ಅಲ್ಲಿಯವರೆಗೆ ಚೆನ್ನಾಗಿ ಮಾತಾಡುತ್ತಿದ್ದ ಹುಡುಗಿ 'ಇದು ತಪ್ಪು' ಎನ್ನಬೇಕಾದ ಜಾಗಕ್ಕೆ ಬಂದ ಕೂಡಲೇ ದನಿ ತಗ್ಗಿಸುತ್ತಾಳೆ. ಎದುರಿನವರು ಆ ಒಂದು ಸಾಲು ಹೇಳಿ ಕೂತುಬಿಡುತ್ತಾರೆ. ಅಂಕಿಅಂಶಕ್ಕಾದರೆ ಪುರಾವೆ ಕೇಳಬಹುದು, ಒಳ್ಳೆಯದು ಕೆಟ್ಟದ್ದಕ್ಕೆ ಪುರಾವೆ ಎಲ್ಲಿಂದ ತರೋದು ಅಂತ ಎರಡೂ ಕಡೆಯವರಿಗೆ ಒಳಗೊಳಗೇ ಅನಿಸಿರುತ್ತದೆ.

ನಾನು ಇದನ್ನು ಒಪ್ಪುವುದಿಲ್ಲ. 'ತಪ್ಪು' ಎನ್ನುವವರ ಹತ್ತಿರ 'ಯಾಕೆ?' ಎಂದು ಕೇಳಿದರೆ ಅವರು ಕಾರಣ ಕೊಡುತ್ತಾರೆ. ಕಾರಣ ಬಂತು ಅಂದರೆ ಅದನ್ನು ಪರೀಕ್ಷೆ ಮಾಡಲು ಸಾಧ್ಯ. ಆ ಕಾರಣದೊಳಗೆ ಒಂದು ಅಳತೆಗೋಲು ಅಡಗಿರುತ್ತದೆ. ಪರ ಮಾತಾಡುವವರು ಅದನ್ನು ಬಾಯಿಬಿಟ್ಟು ಹೇಳಿ ಕಾಪಾಡಿಕೊಳ್ಳಬೇಕು. ವಿರೋಧ ಮಾತಾಡುವವರು ಅದನ್ನು ಹೊರಗೆಳೆದು ಪರೀಕ್ಷಿಸಬೇಕು. ನಾನು ಮಕ್ಕಳಿಗೆ ಹೇಳಿಕೊಡುವುದೆಲ್ಲ ಹೆಚ್ಚುಕಡಿಮೆ ಇದರ ವಿಸ್ತಾರವೇ. ಕೈಗೊಂದು ವಿಷಯ ಇರಲಿ ಅಂತ ಇದನ್ನು ಇಟ್ಟುಕೊಳ್ಳೋಣ: 'ಕಾಡುಪ್ರಾಣಿಗಳನ್ನು ಮೃಗಾಲಯದಲ್ಲಿ ಇಡುವುದು ತಪ್ಪು.'

ಮೊದಲು ಜಗಳ ಎಲ್ಲಿದೆ ನೋಡಿ

'ಮೃಗಾಲಯದ ಹಿಮಕರಡಿಗಳು ಒಂದೇ ಜಾಡಿನಲ್ಲಿ ಹಿಂದೆ ಮುಂದೆ ಓಡಾಡುತ್ತಲೇ ಇರುತ್ತವೆ.' ಇದು ಸಂಗತಿ. ನೋಡಿ, ಎಣಿಸಿ, ಹೌದೋ ಅಲ್ಲವೋ ಹೇಳಬಹುದು. 'ಅವನ್ನು ಹಾಗೆ ಇಡುವುದು ತಪ್ಪು.' ಇದು ಮೌಲ್ಯದ ಮಾತು. 'ಮೃಗಾಲಯಗಳನ್ನು ಮುಚ್ಚಬೇಕು.' ಇದು ಏನು ಮಾಡಬೇಕು ಎಂಬ ಮಾತು. ಮೂರಕ್ಕೂ ಬೇಕಾದ ವಾದ ಬೇರೆ ಬೇರೆ. ವಿಷಯ ಎರಡನೆಯದನ್ನು ಕೇಳುತ್ತಿರುತ್ತದೆ, ಆದರೆ ಮಕ್ಕಳು ಅರ್ಧ ಸಮಯ ಮೂರನೆಯದರಲ್ಲಿ ಕಳೆಯುತ್ತಾರೆ: ಮುಚ್ಚಿದರೆ ಪ್ರಾಣಿಗಳು ಎಲ್ಲಿಗೆ ಹೋಗಬೇಕು, ಖರ್ಚು ಯಾರು ಕೊಡಬೇಕು, ಹೀಗೆ. ಸರಿಪಡಿಸುವುದು ಕಷ್ಟ ಎಂದ ಮಾತ್ರಕ್ಕೆ ತಪ್ಪು ಸರಿಯಾಗುವುದಿಲ್ಲ, ಅಲ್ವಾ?

ಇದಕ್ಕೆ ಹಳೆಯ ಉಪಾಯವೊಂದಿದೆ. ಕ್ರಿಸ್ತಪೂರ್ವ 2ನೇ ಶತಮಾನದ ಗ್ರೀಕ್ ಗುರು ಹೆರ್ಮಾಗೊರಾಸ್ ನ್ಯಾಯಾಲಯದಲ್ಲಿ ವಾದಿಸುವವರಿಗಾಗಿ ನಾಲ್ಕು ಪ್ರಶ್ನೆಗಳ ಒಂದು ಕ್ರಮ ಮಾಡಿದ್ದ. ಅದು ನಡೆಯಿತೇ? ನಡೆದದ್ದನ್ನು ಏನೆಂದು ಕರೆಯಬೇಕು? ಅದು ಸರಿಯೇ, ತಪ್ಪೇ? ಅದನ್ನು ತೀರ್ಮಾನಿಸಲು ಇದು ತಕ್ಕ ಜಾಗವೇ? ಎರಡು ಸಾವಿರ ವರ್ಷ ದಾಟಿದರೂ ಇದಕ್ಕಿಂತ ಸುಲಭವಾದ ಕ್ರಮ ನನಗೆ ಸಿಕ್ಕಿಲ್ಲ. ಭಾಷಣ ಬರೆಯುವ ಮುಂಚೆ ಈ ನಾಲ್ಕನ್ನೂ ಕೇಳಿಕೊಳ್ಳಿ. ಎರಡೂ ಕಡೆಯವರು ಒಪ್ಪುವ ಪ್ರಶ್ನೆಗಳನ್ನು ಪಕ್ಕಕ್ಕಿಡಿ. ಉಳಿದಲ್ಲಿ ಕೆಲಸ ಮಾಡಿ.

ಒಂದು ಸಣ್ಣ ಎಚ್ಚರಿಕೆ. 'ನನಗೆ ಮೃಗಾಲಯ ಇಷ್ಟ ಇಲ್ಲ' ಎಂದರೆ ಯಾರೂ ಅಲ್ಲಗಳೆಯಲಾರರು. ಆದರೆ ಅದರಿಂದ ಯಾರ ಮನಸ್ಸೂ ಬದಲಾಗುವುದಿಲ್ಲ. 'ತಪ್ಪು' ಎಂದಾಗ ನೀವು ಹೇಳುತ್ತಿರುವುದು ಬೇರೆ: ಇಷ್ಟ ಇರುವವರಿಗೂ ಇದನ್ನು ಬಿಡಲು ಕಾರಣ ಇದೆ ಅಂತ. ಅಷ್ಟು ದೊಡ್ಡ ಮಾತು ಹೇಳಲು ಸಿದ್ಧರಿದ್ದರೆ ಮಾತ್ರ ಆ ಪದ ಬಳಸಿ.

ಸೇತುವೆ ವಾಕ್ಯವನ್ನು ಬಾಯಿಬಿಟ್ಟು ಹೇಳಿ

'ಹಿಮಕರಡಿಗಳು ಒಂದೇ ಕಡೆ ಓಡಾಡುತ್ತವೆ, ಆದ್ದರಿಂದ ಮೃಗಾಲಯ ತಪ್ಪು.' ಕೇಳಲು ಸರಿಯಾಗಿಯೇ ಇದೆ. ಆದರೆ ನಡುವೆ ಒಂದು ಮೆಟ್ಟಿಲು ಇಲ್ಲ. ಸ್ಕಾಟ್‌ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ ಇದನ್ನು 1739-40ರಲ್ಲೇ ಗುರುತಿಸಿದ್ದ. ಲೇಖಕರು 'ಹೀಗಿದೆ, ಹೀಗಿದೆ' ಎಂದು ಹೇಳುತ್ತಾ ಬಂದು ಇದ್ದಕ್ಕಿದ್ದ ಹಾಗೆ 'ಹೀಗಿರಬೇಕು' ಎಂದು ಬಿಡುತ್ತಾರೆ, ಆ ಜಿಗಿತಕ್ಕೆ ಕಾರಣವನ್ನೇ ಕೊಡುವುದಿಲ್ಲ ಎಂಬುದು ಅವನ ತಕರಾರು. 1958ರಲ್ಲಿ ಬ್ರಿಟಿಷ್ ತತ್ವಜ್ಞಾನಿ ಸ್ಟೀಫನ್ ಟೂಲ್ಮಿನ್ ವಾದದ ಅಂಗಗಳನ್ನು ಬಿಡಿಸಿ ತೋರಿಸಿದಾಗಲೂ ಪುರಾವೆಯನ್ನು ತೀರ್ಮಾನಕ್ಕೆ ಜೋಡಿಸುವ ನಡುವಿನ ಮಾತಿಗೆ ಬೇರೆಯೇ ಜಾಗ ಕೊಟ್ಟ. ನಾನು ಅದನ್ನು ಸೇತುವೆ ವಾಕ್ಯ ಎನ್ನುತ್ತೇನೆ.

ನಮ್ಮ ವಿಷಯದಲ್ಲಿ ಅದು ಹೀಗಿರಬಹುದು: 'ನೋವು ಅರಿಯುವ ಜೀವಿಗೆ ತಪ್ಪಿಸಬಹುದಾದ ಸಂಕಟ ಕೊಡುವುದು ತಪ್ಪು.' ಈಗ ವಾದಕ್ಕೆ ಕಾಲು ಬಂತು. ಹಿಮಕರಡಿಯ ಸಂಗತಿ ಯಾಕೆ ಮುಖ್ಯ ಅಂತ ಗೊತ್ತಾಯಿತು. ಎದುರಿನವರಿಗೂ ಎಲ್ಲಿ ತಕರಾರು ಎತ್ತಬೇಕು ಅಂತ ಗೊತ್ತಾಯಿತು. ಅದು ಗೊತ್ತಾಗಿಬಿಡುತ್ತದೆ ಎಂಬ ಭಯಕ್ಕೇ ಮಕ್ಕಳು ಇದನ್ನು ಮುಚ್ಚಿಡುತ್ತಾರೆ. ಮುಚ್ಚಿಡಬೇಡಿ. ನೀವು ಹೇಳದೆ ಬಿಟ್ಟರೆ ಎದುರಿನವರು ಅದನ್ನು ತಮಗೆ ಬೇಕಾದ ಹಾಗೆ, ಪೆದ್ದು ಪೆದ್ದಾಗಿ ಹೇಳಿ, ಆಮೇಲೆ ಒಡೆಯುತ್ತಾರೆ.

ಸೇತುವೆ ವಾಕ್ಯ ಬರೆದಾದ ಮೇಲೆ ಅದರ ಅಗಲ ನೋಡಿ. 'ಯಾವ ಪ್ರಾಣಿಯನ್ನೂ ಎಲ್ಲಿಯೂ ಕೂಡಿಹಾಕಬಾರದು' ಎಂದರೆ ಗಾಯಗೊಂಡ ಗಿಡುಗಕ್ಕೆ ಚಿಕಿತ್ಸೆ ಕೊಡಲು ಇಟ್ಟುಕೊಂಡದ್ದೂ ತಪ್ಪಾಗುತ್ತದೆ. 'ತಪ್ಪಿಸಬಹುದಾದ' ಎಂಬ ಒಂದು ಪದ ಸೇರಿಸಿದ್ದಕ್ಕೆ ಆ ತೊಂದರೆ ಹೋಯಿತು. ಒಂದು ವಾಕ್ಯದ ಮೇಲೆ ಅರ್ಧ ದಿನ ಕೂರಬೇಕಾಗಿ ಬಂದರೂ ನನ್ನ ಪ್ರಕಾರ ಅದು ನಷ್ಟ ಅಲ್ಲ.

ಅಳತೆಗೋಲಿಗೆ ಬೆಂಬಲ ಎಲ್ಲಿಂದ?

ಇದು ಎಲ್ಲಕ್ಕಿಂತ ಕಷ್ಟದ ಭಾಗ. ಇಲ್ಲಿ ನಿಧಾನಿಸಬೇಕು.

ಮೊದಲ ದಾರಿ, ಎಲ್ಲರೂ ಈಗಾಗಲೇ ಒಪ್ಪಿರುವ ಒಂದು ಸಂದರ್ಭದಿಂದ ಶುರು ಮಾಡುವುದು. ಆಸ್ಟ್ರೇಲಿಯಾದ ತತ್ವಜ್ಞಾನಿ ಪೀಟರ್ ಸಿಂಗರ್ 1972ರಲ್ಲಿ ಬರೆದ ಲೇಖನದ ಉದಾಹರಣೆ ತುಂಬಾ ಜನಕ್ಕೆ ಗೊತ್ತಿದೆ. ಆಳ ಇಲ್ಲದ ಕೊಳದಲ್ಲಿ ಮಗುವೊಂದು ಮುಳುಗುತ್ತಿದೆ. ಇಳಿದರೆ ನಿಮ್ಮ ಬಟ್ಟೆ ಕೆಸರಾಗುತ್ತದೆ, ಅಷ್ಟೆ. ಇಳಿಯಲೇಬೇಕು ಎಂದು ಎಲ್ಲರೂ ಹೇಳುತ್ತಾರೆ. ಯಾಕೆ ಎಂದು ಕೇಳಿದರೆ ಒಂದು ತತ್ವ ಹೊರಗೆ ಬರುತ್ತದೆ: ದೊಡ್ಡದೇನನ್ನೂ ಕಳೆದುಕೊಳ್ಳದೆ ದೊಡ್ಡ ಕೇಡನ್ನು ತಡೆಯಲು ಆಗುವುದಾದರೆ ತಡೆಯಬೇಕು. ಆ ತತ್ವವನ್ನೇ ಹಿಡಿದು ಅವನು ದೂರದ ಹಸಿವಿನ ಪ್ರಶ್ನೆಗೆ ಹೋಗುತ್ತಾನೆ. ಅವನ ತೀರ್ಮಾನ ನೀವು ಒಪ್ಪದೇ ಇರಬಹುದು. ಆದರೆ ಆ ಕ್ರಮ ಕಲಿಯಬೇಕಾದದ್ದು: ಒಪ್ಪಿದ ಸಂದರ್ಭ, ಅದರ ಹಿಂದಿನ ತತ್ವ, ಅದೇ ತತ್ವ ಒಪ್ಪದ ಸಂದರ್ಭಕ್ಕೆ. ಮೃಗಾಲಯದ ವಿಷಯದಲ್ಲಿ, ಸುಮ್ನೆ ಮೋಜಿಗೆ ನಾಯಿಯನ್ನು ದಿನವಿಡೀ ಸಣ್ಣ ಪೆಟ್ಟಿಗೆಯಲ್ಲಿ ಕೂಡಿಹಾಕುವುದು ತಪ್ಪು ಎಂದು ಎಲ್ಲರೂ ಒಪ್ಪುತ್ತಾರೆ. ಅಲ್ಲಿಂದ ನಡೆಯಿರಿ.

ಎರಡನೆಯದು, ಜಾಗ ಬದಲಿಸಿ ನೋಡುವುದು. ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ 1971ರಲ್ಲಿ ಒಂದು ಕಲ್ಪನೆ ಮುಂದಿಟ್ಟ. ಸಮಾಜದಲ್ಲಿ ನೀವು ಯಾರಾಗಿ ಹುಟ್ಟುತ್ತೀರಿ ಎಂದು ಗೊತ್ತಿಲ್ಲದೆ ಅದರ ನಿಯಮಗಳನ್ನು ಆರಿಸಬೇಕು. ಶ್ರೀಮಂತರೋ ಬಡವರೋ, ಗಟ್ಟಿಮುಟ್ಟೋ ಕಾಯಿಲೆಯವರೋ, ಏನೂ ಗೊತ್ತಿಲ್ಲ. ಆಗ ಯಾವ ನಿಯಮ ಒಪ್ಪುತ್ತೀರಿ? ನ್ಯಾಯದ ವಿಷಯ ಬಂದಾಗಲೆಲ್ಲ ಇದು ಕೆಲಸಕ್ಕೆ ಬರುತ್ತದೆ. ಆದರೆ ರಾಲ್ಸ್ ಮಾತಾಡುತ್ತಿದ್ದದ್ದು ಮನುಷ್ಯರ ನಡುವಿನ ನ್ಯಾಯದ ಬಗ್ಗೆ. ಅದನ್ನು ಪ್ರಾಣಿಗಳಿಗೆ ಹಿಗ್ಗಿಸುವವರು ಯಾಕೆ ಹಿಗ್ಗಿಸಬಹುದು ಅಂತ ಬೇರೆಯೇ ಕಾರಣ ಕೊಡಬೇಕು. ಇಲ್ಲದಿದ್ದರೆ ತಿಳಿದ ಎದುರಾಳಿ ಅಲ್ಲೇ ಹಿಡಿಯುತ್ತಾನೆ.

ಮೂರನೆಯದು, ಆ ಸಂಸ್ಥೆ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಉದ್ದೇಶವನ್ನೇ ಅಳತೆಗೋಲು ಮಾಡುವುದು. ಮೃಗಾಲಯಗಳು ತಾವಿರುವುದು ಪ್ರಾಣಿಗಳ ರಕ್ಷಣೆಗೆ ಎನ್ನುತ್ತವೆ. ಹಾಗಾದರೆ ಅಲ್ಲಿರುವ ಪ್ರಾಣಿಗಳಲ್ಲಿ ಎಷ್ಟು ಅಳಿವಿನಂಚಿನವು, ಅವುಗಳಲ್ಲಿ ಎಷ್ಟು ಕಾಡಿಗೆ ಮರಳುತ್ತವೆ ಎಂದು ಕೇಳಿ. ಈ ಅಳತೆಗೋಲನ್ನು ಎದುರಿನವರು ತಳ್ಳಿಹಾಕುವುದು ಕಷ್ಟ. ಅದು ಅವರದ್ದೇ ತಾನೇ.

ಬೆಂಬಲ ಅಲ್ಲದ್ದು ಒಂದಿದೆ: 'ಎಲ್ಲರೂ ಒಪ್ಪುತ್ತಾರೆ.' ಸಮಾಜ ಒಪ್ಪಿದ್ದೇ ಸರಿ ಎಂದಾದರೆ ಸಮಾಜವನ್ನು ತಿದ್ದಲು ಹೊರಟ ಪ್ರತಿಯೊಬ್ಬರೂ, ಆ ಗಳಿಗೆಯಲ್ಲಿ, ತಪ್ಪು ಮಾಡುತ್ತಿದ್ದರು ಅಂತ ಆಗುತ್ತದೆ. ಗುಲಾಮಗಿರಿಯ ವಿರುದ್ಧ ಮೊದಲು ದನಿ ಎತ್ತಿದವರೂ ಅದರಲ್ಲಿ ಸೇರುತ್ತಾರೆ.

ಎರಡು ಒಳ್ಳೆಯದು ಎದುರಾದಾಗ

ನಿಜವಾದ ಪಂದ್ಯ ಸಾಮಾನ್ಯವಾಗಿ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಡೆಯುವುದಿಲ್ಲ. ಒಂದು ಒಳ್ಳೆಯದಕ್ಕೂ ಇನ್ನೊಂದು ಒಳ್ಳೆಯದಕ್ಕೂ ನಡೆಯುತ್ತದೆ.

ವಿರೋಧದ ಕಡೆಯವರು ಎದ್ದು ಇದನ್ನು ಹೇಳುತ್ತಾರೆ ಅಂದುಕೊಳ್ಳಿ. ಅರೇಬಿಯನ್ ಓರಿಕ್ಸ್ ಎಂಬ ಜಿಂಕೆಯಂಥ ಪ್ರಾಣಿ 1972ರ ಹೊತ್ತಿಗೆ ಕಾಡಿನಿಂದ ಪೂರ್ತಿ ಅಳಿದುಹೋಯಿತು. ಮೃಗಾಲಯಗಳಲ್ಲಿ ಬೆಳೆಸಿದ ಹಿಂಡು ಇದ್ದದ್ದರಿಂದ 1982ರಲ್ಲಿ ಅದನ್ನು ಒಮಾನ್‌ನ ಮರುಭೂಮಿಗೆ ಮತ್ತೆ ಬಿಡಲು ಆಯಿತು. ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ರಣಹದ್ದು 1987ರಲ್ಲಿ ಇಡೀ ಭೂಮಿಯಲ್ಲಿ ಉಳಿದಿದ್ದದ್ದು 27. ಅಷ್ಟನ್ನೂ ಹಿಡಿದು ಕೂಡಿಟ್ಟು, ಮರಿ ಮಾಡಿಸಿ, 1992ರಿಂದ ಹೊರಗೆ ಬಿಡುತ್ತಾ ಬಂದರು. ಬಂಧನ ತಪ್ಪು ಎನ್ನುವವರು ಇದನ್ನೂ ತಪ್ಪು ಎನ್ನುತ್ತೀರಾ?

ಇದು ಗಟ್ಟಿ ವಾದ. ಇದಕ್ಕೆ 'ಅದೆಲ್ಲ ಅಪವಾದ' ಎಂದು ಕೈ ಬೀಸಿದರೆ ನಾನು ಅಂಕ ಕೊಡುವುದಿಲ್ಲ. ಇಲ್ಲಿ ತೂಕ ಮಾಡಬೇಕು, ಯಾವ ಲೆಕ್ಕದಲ್ಲಿ ತೂಗುತ್ತಿದ್ದೀರಿ ಎಂದು ಹೇಳಿ ತೂಗಬೇಕು. ಎಷ್ಟು ಜೀವಗಳಿಗೆ ತಟ್ಟುತ್ತದೆ? ಎಷ್ಟು ಆಳವಾಗಿ ತಟ್ಟುತ್ತದೆ? ಆಮೇಲೆ ಸರಿಪಡಿಸಬಹುದೇ? ನೋವು ಉಣ್ಣುವವರು ಮತ್ತು ಲಾಭ ಪಡೆಯುವವರು ಒಬ್ಬರೇನಾ, ಬೇರೆ ಬೇರೆನಾ? ಒಂದು ಇಲ್ಲದೆ ಇನ್ನೊಂದು ಸಾಧ್ಯವೇ? ಈ ರೀತಿ ತೂಗುವ ಕ್ರಮ ಹೊಸದಲ್ಲ. ಹೆಚ್ಚು ಕಾಲ ಉಳಿಯುವುದು ಮೇಲು ಎಂಬಂಥ ಸೂತ್ರಗಳನ್ನು ಅರಿಸ್ಟಾಟಲ್ ಪಟ್ಟಿ ಮಾಡಿದ್ದ. 1958ರಲ್ಲಿ, ವಾದಕಲೆಯ ಬಗ್ಗೆ ಬರೆದ ಪೆರೆಲ್‌ಮನ್ ಮತ್ತು ಓಲ್ಬ್ರೆಕ್ಟ್ಸ್-ಟಿಟೆಕಾ ಅದೇ ದಾರಿಯಲ್ಲಿ ಮುಂದೆ ಹೋಗಿ, ಜನ ಒಂದನ್ನು ಇನ್ನೊಂದಕ್ಕಿಂತ ಮೇಲು ಎನ್ನುವಾಗ ಸಂಖ್ಯೆಯನ್ನು ಎತ್ತಿಹಿಡಿಯುತ್ತಾರೋ, ಒಂದರ ಅಪರೂಪವನ್ನು ಎತ್ತಿಹಿಡಿಯುತ್ತಾರೋ ಎಂದು ಬಿಡಿಸಿ ನೋಡಿದರು.

ಓರಿಕ್ಸ್ ವಾದ ಅಪರೂಪದ ಮೇಲೆ ನಿಂತಿದೆ: ಜಾತಿ ಒಮ್ಮೆ ಅಳಿದರೆ ವಾಪಸ್ ಬರುವುದಿಲ್ಲ. ಪರ ಇರುವವರಿಗೆ ಎರಡು ಉತ್ತರ ಇದೆ. ಒಂದು, ಜಾತಿಗೆ ನೋವಾಗುವುದಿಲ್ಲ, ನೋವಾಗುವುದು ಬೋನಿನಲ್ಲಿರುವ ಒಂದೊಂದು ಜೀವಕ್ಕೆ. ಹಾಗಾಗಿ ಜಾತಿಯ ಉಳಿವನ್ನು ಅದರ ನೋವಿಗಿಂತ ಮೇಲಿಡಲು ಬೇರೆ ಕಾರಣ ಬೇಕು. ಎರಡು, ನಾವು ತಪ್ಪು ಎನ್ನುತ್ತಿರುವುದು ತಪ್ಪಿಸಬಹುದಾದ ಸಂಕಟವನ್ನು. ಬಿಡುಗಡೆಗಾಗಿಯೇ ಬೆಳೆಸುವ ಕೇಂದ್ರಕ್ಕೂ ನೋಡುಗರಿಗಾಗಿ ಹಿಮಕರಡಿ ಇಡುವುದಕ್ಕೂ ವ್ಯತ್ಯಾಸ ಇದೆ. ಎರಡನೆಯ ಉತ್ತರ ಹೆಚ್ಚು ಸುರಕ್ಷಿತ, ಮೊದಲನೆಯ ಉತ್ತರ ಹೆಚ್ಚು ಧೈರ್ಯದ್ದು. ಎರಡನ್ನೂ ಒಟ್ಟಿಗೆ ಹೇಳುವವರು ಯಾವುದರ ಮೇಲೆ ನಿಂತಿದ್ದೇವೆ ಎಂದು ಸ್ಪಷ್ಟ ಮಾಡಬೇಕು.

ವಿರೋಧದ ಕಡೆ ನಿಂತಾಗ

ಎದುರಿನವರ ವಾದದಲ್ಲಿ ಸಂಗತಿ, ಅಳತೆಗೋಲು, ತೂಕ ಮೂರೂ ಇರುತ್ತವೆ. ಮೂರಕ್ಕೂ ಕೈ ಹಾಕಬೇಡಿ. ಯಾವುದು ದುರ್ಬಲ ನೋಡಿ, ಅಲ್ಲಿ ಸಮಯ ಕೊಡಿ.

ನನಗೆ ಜಾಸ್ತಿ ಇಷ್ಟವಾಗುವುದು ಅಳತೆಗೋಲು ಒಪ್ಪಿ ಸಂಗತಿಯನ್ನು ಪ್ರಶ್ನಿಸುವ ದಾರಿ. 'ಹೌದು, ತಪ್ಪಿಸಬಹುದಾದ ಸಂಕಟ ಕೊಡಬಾರದು. ಆದರೆ ಎಲ್ಲ ಪ್ರಾಣಿಗಳಿಗೂ ಅಲ್ಲಿ ಸಂಕಟವೇ?' 2003ರಲ್ಲಿ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, ಕಾಡಿನಲ್ಲಿ ದೂರ ದೂರ ಅಲೆಯುವ ಮಾಂಸಾಹಾರಿಗಳಿಗೇ ಬಂಧನದಲ್ಲಿ ಹೆಚ್ಚು ತೊಂದರೆ ಎಂದು ತೋರಿಸಿತು. ಒಂದೇ ಜಾಡಿನಲ್ಲಿ ಓಡಾಡುವುದು, ಮರಿಗಳ ಸಾವು, ಎರಡೂ ಅವುಗಳಲ್ಲಿ ಜಾಸ್ತಿ. ಪರ ಇರುವವರು ಹಿಮಕರಡಿಯಿಂದ ಎಲ್ಲ ಪ್ರಾಣಿಗಳಿಗೂ ಜಿಗಿದಿದ್ದರೆ ಈ ಅಧ್ಯಯನವೇ ಅವರನ್ನು ನಿಲ್ಲಿಸುತ್ತದೆ. 2016ರ ಇನ್ನೊಂದು ಅಧ್ಯಯನದಲ್ಲಿ, ಲೆಕ್ಕಕ್ಕೆ ತೆಗೆದುಕೊಂಡ 50ಕ್ಕೂ ಹೆಚ್ಚು ಸಸ್ತನಿ ಜಾತಿಗಳ ಪೈಕಿ 80%ಕ್ಕೂ ಹೆಚ್ಚಿನವು ಕಾಡಿಗಿಂತ ಮೃಗಾಲಯದಲ್ಲೇ ಹೆಚ್ಚು ಕಾಲ ಬದುಕಿದ್ದವು. ಆದರೆ ಹೆಚ್ಚು ಕಾಲ ಬದುಕಿದ್ದು ಚೆನ್ನಾಗಿ ಬದುಕಿದ ಹಾಗಾಯಿತೇ ಎಂಬ ಪ್ರಶ್ನೆ ಕೂಡಲೇ ಬರುತ್ತದೆ. ಅದಕ್ಕೆ ಉತ್ತರ ತಯಾರಿಟ್ಟುಕೊಂಡೇ ಇದನ್ನು ಬಳಸಿ.

ಅಳತೆಗೋಲನ್ನೇ ಒಡೆಯಬೇಕು ಎಂದರೆ ಎದುರುದಾಹರಣೆ ಬೇಕು. ಆ ಅಳತೆಗೋಲನ್ನು ಒಪ್ಪಿದರೆ ಎದುರಿನವರು ನುಂಗಲಾರದ ಇನ್ನೊಂದು ತೀರ್ಮಾನವನ್ನೂ ಒಪ್ಪಬೇಕಾಗುತ್ತದೆ ಎಂದು ತೋರಿಸಬೇಕು. ಪ್ರಸಿದ್ಧವಾದದ್ದು ಜರ್ಮನ್ ತತ್ವಜ್ಞಾನಿ ಕಾಂಟ್ ಎದುರಿಸಿದ್ದು. ಸುಳ್ಳು ಯಾವಾಗಲೂ ತಪ್ಪು ಎಂಬುದು ಅವನ ನಿಲುವು. ಹಾಗಾದರೆ ಕೊಲೆಗಾರ ಬಾಗಿಲಿಗೆ ಬಂದು, ನಿಮ್ಮ ಮನೆಯಲ್ಲಿ ಅಡಗಿರುವ ಗೆಳೆಯ ಎಲ್ಲಿ ಎಂದು ಕೇಳಿದರೆ? 1797ರಲ್ಲಿ ಕಾಂಟ್ ಉತ್ತರ ಬರೆದ: ಆಗಲೂ ಸುಳ್ಳು ಹೇಳಬಾರದು.

ಎದುರುದಾಹರಣೆ ನಿಮ್ಮ ಮೇಲೆ ಬಿದ್ದರೆ ಮೂರು ದಾರಿ ಇವೆ. ಕಾಂಟ್ ಮಾಡಿದ ಹಾಗೆ ಕಹಿ ತೀರ್ಮಾನವನ್ನೂ ಒಪ್ಪಿಕೊಳ್ಳುವುದು. ತತ್ವದ ಅಗಲ ಕಡಿಮೆ ಮಾಡುವುದು. ಇಲ್ಲವೇ, ಆ ಸಂದರ್ಭ ಮೇಲ್ನೋಟಕ್ಕೆ ಮಾತ್ರ ಒಂದೇ ಥರ, ಒಳಗೆ ಬೇರೆ ಎಂದು ತೋರಿಸುವುದು. ತೀರ್ಪುಗಾರಳಾಗಿ ಹೇಳುತ್ತೇನೆ, ಅಗಲ ಕಡಿಮೆ ಮಾಡಿದವರು ಯಾಕೆ ಮಾಡಿದೆವು ಎಂಬುದಕ್ಕೆ ಕಾರಣ ಕೊಡಬೇಕು. ಪೆಟ್ಟು ತಪ್ಪಿಸಿಕೊಳ್ಳಲು ಮಾತ್ರ ಹಚ್ಚಿದ ತೇಪೆ ಕೇಳುವವರಿಗೆ ತಕ್ಷಣ ಗೊತ್ತಾಗುತ್ತದೆ.

ಕೆಲವು ಹೊಡೆತಗಳನ್ನು ಕೈಬಿಡಿ. 'ನೀವೂ ಮೃಗಾಲಯಕ್ಕೆ ಹೋಗಿದ್ದೀರಲ್ಲ' ಎಂಬುದು ಮಾತಾಡುವವರ ಬಗ್ಗೆ ಹೇಳುತ್ತದೆ, ವಿಷಯದ ಬಗ್ಗೆ ಏನೂ ಹೇಳುವುದಿಲ್ಲ. 'ಪ್ರಕೃತಿಯಲ್ಲೂ ಪ್ರಾಣಿಗಳು ನರಳುತ್ತವೆ' ಎಂಬುದರಿಂದ ನಾವು ನರಳಿಸಬಹುದು ಅಂತ ಆಗುವುದಿಲ್ಲ. ಇನ್ನು 'ಅವರವರ ಅಭಿಪ್ರಾಯ' ಎಂಬ ಮಾತು ಬಂದರೆ ಹೀಗೆ ಕೇಳಿ: 'ಜನರ ನಡುವೆ ಭಿನ್ನಾಭಿಪ್ರಾಯ ಇದೆ, ಸರಿ. ಎರಡೂ ಕಡೆ ಸಮ ಎಂದು ಅದರಿಂದ ಹೇಗೆ ಸಾಬೀತಾಯಿತು?' ಭೂಮಿ ಎಷ್ಟು ಹಳೆಯದು ಎಂಬುದರಲ್ಲೂ ಭಿನ್ನಾಭಿಪ್ರಾಯ ಇತ್ತು, ಉತ್ತರ ಇಲ್ಲದೆ ಹೋಗಲಿಲ್ಲ. ಮತ್ತೆ, 'ಒಬ್ಬರ ಮೌಲ್ಯವನ್ನು ಇನ್ನೊಬ್ಬರ ಮೇಲೆ ಹೇರಬಾರದು' ಎನ್ನುವವರು ಆ 'ಬಾರದು' ಎಲ್ಲಿಂದ ತಂದರು ಎಂದು ಹೇಳಬೇಕು. ಅದೂ ಮೌಲ್ಯದ ಮಾತೇ.

1858ರ ಒಂದು ಪಾಠ

ಅಬ್ರಹಾಂ ಲಿಂಕನ್ ಮತ್ತು ಸ್ಟೀಫನ್ ಡಗ್ಲಸ್ ಅಮೆರಿಕದ ಸೆನೆಟ್ ಸ್ಥಾನಕ್ಕಾಗಿ ಇಲಿನಾಯ್ ರಾಜ್ಯದ ಏಳು ಊರುಗಳಲ್ಲಿ ಚರ್ಚೆ ಮಾಡಿದರು. ಮೊದಲು ಮಾತಾಡುವವರಿಗೆ 60 ನಿಮಿಷ, ಉತ್ತರ ಕೊಡುವವರಿಗೆ 90, ಮತ್ತೆ ಮೊದಲಿನವರಿಗೆ 30. ಅಮೆರಿಕದ ಹೈಸ್ಕೂಲು ಸ್ಪರ್ಧೆಗಳಲ್ಲಿ ಮೌಲ್ಯದ ವಿಷಯಗಳಿಗೆಂದೇ ಇರುವ ಮಾದರಿಗೆ ಇವರ ಹೆಸರೇ ಇದೆ. ಒಬ್ಬರಿಗೆ ಒಬ್ಬರು, ಪ್ರತಿಯೊಬ್ಬರೂ ತಮ್ಮ ಮೌಲ್ಯ ಯಾವುದು, ಅದನ್ನು ಅಳೆಯುವ ಮಾನದಂಡ ಯಾವುದು ಎಂದು ಹೇಳಬೇಕು.

ಹೊಸ ಪ್ರಾಂತ್ಯಗಳಲ್ಲಿ ಗುಲಾಮಗಿರಿ ಇರಬೇಕೋ ಬೇಡವೋ ಎಂಬುದನ್ನು ಅಲ್ಲಿನ ಜನ ಮತ ಹಾಕಿ ತೀರ್ಮಾನಿಸಲಿ ಎಂದ ಡಗ್ಲಸ್. ಅವನ ಅಳತೆಗೋಲು ಸ್ವಯಮಾಡಳಿತ. ಲಿಂಕನ್ ಸ್ವಯಮಾಡಳಿತ ಕೆಟ್ಟದ್ದು ಎನ್ನಲಿಲ್ಲ. ಆ ಅಳತೆಗೋಲು ಇಲ್ಲಿಗೆ ಅನ್ವಯಿಸುವುದಿಲ್ಲ ಎಂದ. ಗುಲಾಮಗಿರಿಯಲ್ಲಿ ಯಾವ ತಪ್ಪೂ ಕಾಣದವರು ಮಾತ್ರ ಜನ ಹೇಗೆ ಬೇಕಾದರೂ ತೀರ್ಮಾನಿಸಲಿ ಎನ್ನಬಹುದು. ಅದು ತಪ್ಪು ಎಂದು ಒಪ್ಪಿದ ಮೇಲೆ, ತಪ್ಪು ಮಾಡುವ ಹಕ್ಕು ಜನರಿಗಿದೆ ಎಂದು ಹೇಳಲು ಬರುವುದಿಲ್ಲ. ಅದಕ್ಕೆ ನಾಲ್ಕು ವರ್ಷ ಮುಂಚೆ, 1854ರಲ್ಲಿ, ಅವನು ಇದೇ ಮೌಲ್ಯವನ್ನು ಎದುರಾಳಿಯ ಮೇಲೇ ತಿರುಗಿಸಿದ್ದ: ಒಬ್ಬ ಮನುಷ್ಯ ತನ್ನನ್ನು ತಾನು ಆಳಿಕೊಂಡರೆ ಸ್ವಯಮಾಡಳಿತ, ತನ್ನ ಜೊತೆ ಇನ್ನೊಬ್ಬನನ್ನೂ ಆಳಿದರೆ ಅದು ದಬ್ಬಾಳಿಕೆ. ಎದುರಿನವರ ಅಳತೆಗೋಲಿನಿಂದಲೇ ಅವರನ್ನು ಅಳೆಯುವುದು ಎಂದರೆ ಇದು.

ಆದರೆ ಡಗ್ಲಸ್ ಕೂಡ ಸರಿಯಾದ ಜಾಗ ನೋಡಿದ್ದ. ಲಿಂಕನ್ ಎಲ್ಲ ಮನುಷ್ಯರೂ ಸಮಾನರು ಎಂಬ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಮೇಲೆ ನಿಂತು, ಆ ಏಳು ಊರುಗಳಲ್ಲಿ ಒಂದಾದ ಚಾರ್ಲ್ಸ್‌ಟನ್‌ನಲ್ಲಿ ಮಾತ್ರ ಕರಿಯರಿಗೆ ಸಾಮಾಜಿಕ, ರಾಜಕೀಯ ಸಮಾನತೆ ಕೊಡುವುದರ ಪರ ನಾನಿಲ್ಲ ಎಂದಿದ್ದ. ಡಗ್ಲಸ್ ಆ ಎರಡೂ ಮಾತುಗಳನ್ನು ಪಕ್ಕಪಕ್ಕದಲ್ಲಿಟ್ಟು, ಒಂದೊಂದು ಊರಿಗೆ ಒಂದೊಂದು ತತ್ವವೇ ಎಂದು ಕೇಳಿದ. ಡಗ್ಲಸ್‌ನ ಉದ್ದೇಶ ಒಳ್ಳೆಯದಲ್ಲ. ಆದರೆ ಪ್ರಶ್ನೆ ಸರಿಯಾದದ್ದು. ಲಿಂಕನ್ ಸಮಾನತೆಯ ಅಳತೆಗೋಲು ಹಿಡಿದು ಅರ್ಧ ದಾರಿಯಲ್ಲಿ ನಿಂತಿದ್ದ. ಆ ಸಲ ಸೆನೆಟ್ ಸ್ಥಾನ ಸಿಕ್ಕಿದ್ದೂ ಡಗ್ಲಸ್‌ಗೇ.

ಅಭ್ಯಾಸ

ವಿಷಯ ಕೊಟ್ಟ ಕೂಡಲೇ ನಾನು ಮಕ್ಕಳಿಂದ ಭಾಷಣ ಬರೆಸುವುದಿಲ್ಲ. ಒಂದು ಹಾಳೆಯ ಎಡಕ್ಕೆ ಪರ ಕಡೆಯ ಸೇತುವೆ ವಾಕ್ಯ, ಬಲಕ್ಕೆ ವಿರೋಧದ್ದು, ಇಷ್ಟು ಮಾತ್ರ ಬರೆಸುತ್ತೇನೆ. ಪ್ರತಿಯೊಂದರ ಕೆಳಗೆ ಅದಕ್ಕೆ ಇರುವ ಅತಿ ಕಷ್ಟದ ಎದುರುದಾಹರಣೆ. ಎದುರಾಳಿ ಯೋಚಿಸುವುದಕ್ಕಿಂತ ಮುಂಚೆ ಅದನ್ನು ನೀವೇ ಹುಡುಕಬೇಕು. ಆಮೇಲೆ ಯಾರು ಯಾವ ಕಡೆ ಎಂದು ಹೇಳುತ್ತೇನೆ, ಅದೂ ಚೀಟಿ ಎತ್ತಿಸಿ. ತಮಗೆ ಇಷ್ಟವಿಲ್ಲದ ಕಡೆ ಬಂದವರ ವಾದವೇ ಎಷ್ಟೋ ಸಲ ಹೆಚ್ಚು ಗಟ್ಟಿಯಾಗಿರುತ್ತದೆ, ಯಾಕೆಂದರೆ ಅವರು ಯಾವುದನ್ನೂ 'ಗೊತ್ತಿರುವುದೇ ತಾನೇ' ಎಂದು ಬಿಟ್ಟಿರುವುದಿಲ್ಲ.

ಕೊನೆಯ ಮಾತಿನ ಸರದಿಯಲ್ಲಿ ಹೊಸ ಕಾರಣ ಏನೂ ತರಬೇಡಿ. ಎದುರಿನವರು ಹೇಳಿದ್ದರಲ್ಲಿ ನಿಜ ಯಾವುದು ಎಂದು ಮೊದಲು ಒಪ್ಪಿ. ಅದು ನಿಜವಾಗಿದ್ದರೂ ನಿಮ್ಮ ಕಡೆ ಯಾಕೆ ಭಾರ ಎಂದು ಆಮೇಲೆ ತೂಗಿ ತೋರಿಸಿ.

ಶುರು ಮಾಡಲು ಒಂದು ವಿಷಯ ಕೊಡುತ್ತೇನೆ: 'ಪರಿಸ್ಥಿತಿ ಬದಲಾದರೂ ಕೊಟ್ಟ ಮಾತು ಉಳಿಸಿಕೊಳ್ಳಲೇಬೇಕು.' ಎರಡೂ ಕಡೆಯ ಸೇತುವೆ ವಾಕ್ಯ ಬರೆಯಿರಿ. ಪರ ಕಡೆಯವರು, ಮಾತು ಪಡೆದವರೇ ಈಗ ಅದು ಬೇಡ ಎನ್ನುವ ಸಂದರ್ಭಕ್ಕೆ ಉತ್ತರ ಯೋಚಿಸಿ. ವಿರೋಧದವರು, ಪರಿಸ್ಥಿತಿ ಎಷ್ಟು ಬದಲಾದರೆ ಸಾಕು ಎಂಬ ಗೆರೆಯನ್ನು ಎಲ್ಲಿ ಎಳೆಯುತ್ತೀರಿ, ಯಾಕೆ ಅಲ್ಲಿಯೇ ಎಂದು ಬರೆಯಿರಿ.